ಸಾರಥಿ ಕೇಳದ ನಾಲ್ಕನೆಯ ಕುಲ

ಒಬ್ಬ ಮನುಷ್ಯನ ಗಂಟಲನ್ನು ನೀವು ಹಾಳು ಮಾಡಿದಿರಿ. ಹಾಳಾಗುತ್ತಿರುವಾಗಿನ ಸದ್ದು ಚೆನ್ನಾಗಿದೆಯೆಂದು ಇನ್ನಷ್ಟು ಕೇಳಿದಿರಿ. ಅವರು ತೀರಿಕೊಂಡ ಮೇಲೆ, ಅವರು ಎಂದೂ ಆಡದ ಮಾತುಗಳನ್ನು ಅದೇ ಧ್ವನಿಯಲ್ಲಿ ಆಡಿಸಿ ಮಾರಾಟಕ್ಕಿಟ್ಟಿರಿ. ಸಮುರಾಯ್ ಯೋಧನೊಬ್ಬ ರಾಕ್ಷಸರ ದಂಡುಗಳನ್ನು ಕಡಿದುರುಳಿಸುವ ಆ ವಿಡಿಯೋ ಆಟವನ್ನು ಹೊರತಂದ ಪರದೇಶದ ಕಂಪನಿಯವರೇ, ಆ ರಾಕ್ಷಸರ ಕೂಗುಗಳನ್ನು ಒದಗಿಸಿದ ಹೈದರಾಬಾದಿನ ಧ್ವನಿಮುದ್ರಣ ಸಂಸ್ಥೆಯವರೇ, ಈ ಲೇಖನ ನಿಮ್ಮನ್ನು ಕುರಿತದ್ದು. ನಿಮ್ಮ ಹೆಸರುಗಳನ್ನು ನಾನಿಲ್ಲಿ ಬರೆಯುತ್ತಿಲ್ಲ. ಆ ಮನುಷ್ಯನ, ನಾವು ಕಾಕಾ ಎಂದು ಕರೆಯುತ್ತಿದ್ದವರ, ಹೆಸರನ್ನೂ ಬರೆಯುತ್ತಿಲ್ಲ. ನೀವು ಅವರಿಂದ ಸಹಿ ಹಾಕಿಸಿಕೊಂಡ ಗೋಪ್ಯತೆಯ ಕರಾರು ಈಗ ಅವರ ಹೆಂಡತಿಯನ್ನೂ ಕಟ್ಟಿಹಾಕುತ್ತದೆ ಎಂದು ನಿಮ್ಮ ವಕೀಲರು ಹೇಳಿದ್ದಾರೆ. ಹೆಸರಿಲ್ಲದಿದ್ದರೂ ಇದು ಯಾರ ಕಥೆಯೆಂದು ನಿಮಗೆ ತಿಳಿಯುತ್ತದೆ.

ಕಳೆದ ತಿಂಗಳು ಅವ್ವನ ಜೊತೆ ಮಿಕ್ಸಿ ಕೊಳ್ಳಲೆಂದು ಹೈದರಾಬಾದಿನ ದಿಲ್‌ಸುಖ್‌ನಗರಕ್ಕೆ ಹೋಗಿದ್ದೆ. ಅಂಗಡಿಯ ಮುಂಭಾಗದಲ್ಲಿ, ರಸ್ತೆಯವರೆಗೂ ಸದ್ದು ಕೇಳುವಂತೆ, ಗೋಡೆಯಗಲದ ಟಿವಿಯೊಂದರಲ್ಲಿ ಆಟ ನಡೆದಿತ್ತು. ಕೋಚಿಂಗ್ ಕ್ಲಾಸಿನಿಂದ ಹೊರಬಿದ್ದ ಇಬ್ಬರು ತರುಣರು ಬೆನ್ನ ಮೇಲಿನ ಚೀಲವನ್ನೂ ಇಳಿಸದೆ ನಿಂತಲ್ಲೇ ಕತ್ತಿ ಬೀಸುತ್ತಿದ್ದರು. ಪರದೆಯ ಮೇಲೆ ಹಿಮ ಬೀಳುತ್ತಿತ್ತು, ಹಿಮದ ನಡುವೆ ಸುಟ್ಟ ಕೋಟೆಯೊಂದಿತ್ತು. ನನಗೆ ಅದರ ಕಡೆ ಗಮನವಿರಲಿಲ್ಲ. ಅವ್ವ ಮಿಕ್ಸಿಯ ಜಾರನ್ನು ತಿರುಗಿಸಿ ಅದರ ತಳ ಪರೀಕ್ಷಿಸುತ್ತಿದ್ದಳು. ಆಗ ಬೆನ್ನ ಹಿಂದಿನಿಂದ ಒಂದು ಕೂಗು ಬಂತು. ಎದೆಯಲ್ಲಿ ಹುಟ್ಟಿ, ಗಂಟಲಿಗೆ ಬಂದಾಗ ಕ್ಷಣಮಾತ್ರ ಒಡೆದು, ಮತ್ತೆ ಕೂಡಿಕೊಂಡು ಮೇಲೇರುವ ಕೂಗು. ಅವ್ವನ ಕೈ ಹಾಗೇ ನಿಂತಿತು.

"ಇದು ಕಾಕಾರ ಧ್ವನಿ ಅಲ್ಲೇನ?" ಎಂದಳು.

ನಾನು ಉತ್ತರಿಸಲಿಲ್ಲ. ಅಂಗಡಿಯವನು ಓಡಿಬಂದು, ಸದ್ದು ಜಾಸ್ತಿಯಾಯಿತೇ ಅಮ್ಮಾ ಎಂದು ತೆಲುಗಿನಲ್ಲಿ ಕೇಳಿ, ಕಡಿಮೆ ಮಾಡಿದ. ಕಾಕಾ ಮೆಲ್ಲಗಾದರು... ಬದುಕಿದ್ದಾಗ ಯಾರೂ ಅವರನ್ನು ಹಾಗೆ ಮೆಲ್ಲಗೆ ಮಾಡಿರಲಿಲ್ಲ.

ಕಾಕಾ ನಮ್ಮ ಸಂಬಂಧಿಕರಲ್ಲ. ಉಪ್ಪಲ್‌ನಲ್ಲಿ ನಾವು ಬಾಡಿಗೆಗಿರುವ ಕಟ್ಟಡದಲ್ಲಿ ನಮ್ಮ ಮೇಲಿನ ಮನೆ ಅವರದು. ಬಾದಾಮಿ ಕಡೆಯವರು. ಬಾಲಾನಗರದ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ಸೇರಿ ಅಲ್ಲೇ ನಿವೃತ್ತರಾಗಿದ್ದರು. ಕಾರ್ಖಾನೆಯ ವಿಷಯ ಅವರ ಬಾಯಲ್ಲಿ ಬಂದದ್ದನ್ನು ನಾನು ಕೇಳಿದ್ದೇ ಕಡಿಮೆ, ಮಾತೆಲ್ಲ ದೊಡ್ಡಾಟದ್ದು. ಊರಿನ ಮೇಳದಲ್ಲಿ ರಾಕ್ಷಸನ ಪಾತ್ರ ಅವರಿಗೇ ಮೀಸಲಾಗಿತ್ತು. ವರ್ಷವರ್ಷವೂ ರಜೆ ಹಾಕಿ ಹೋಗಿ, ಕಿರೀಟ ಭುಜಕೀರ್ತಿ ಕಟ್ಟಿಕೊಂಡು ಕುಣಿದು, ಕಣ್ಣಂಚಿನಲ್ಲಿ ಬಣ್ಣ ಉಳಿಸಿಕೊಂಡೇ ಡ್ಯೂಟಿಗೆ ಮರಳುತ್ತಿದ್ದರಂತೆ. ವಿನಯ ಅವರ ಹತ್ತಿರ ಸುಳಿದದ್ದಿಲ್ಲ. ಒಮ್ಮೆ ಮೇಳದವರು ರಾಮನ ಪಾತ್ರ ಕೊಡಲು ಹೋದಾಗ ಅವಮಾನವಾಯಿತೆಂದು ಊಟ ಬಿಟ್ಟು ಎದ್ದು ಬಂದಿದ್ದರು.

"ರಾಮನ ಪಾರ್ಟು ಯಾರರೆ ಮಾಡ್ತಾರ, ಯವ್ವಾ. ಬಿಲ್ಲು ಹಿಡಕೊಂಡು ಸುಮ್ನ ನಿಂತ್ರ ಆತು. ರಾಕ್ಷಸ ಆಗಾಕ ಎದಿ ಬೇಕು, ಎದಿ!" ಎಂದು ನನ್ನ ಮುಂದೆ ಎದೆ ತಟ್ಟಿಕೊಳ್ಳುತ್ತಿದ್ದರು.

ಆ ಧ್ವನಿಯ ಆಳ್ವಿಕೆಗೆ ಇಡೀ ಓಣಿ ಒಳಪಟ್ಟಿತ್ತು. ನೀರಿನ ಟ್ಯಾಂಕರ್ ತಿರುವಿನಲ್ಲಿ ಕಾಣಿಸಿಕೊಂಡರೆ ಅವರು ಮಾಳಿಗೆಯಿಂದ ಒಮ್ಮೆ ಕೂಗುತ್ತಿದ್ದರು, ಆರೂ ಮನೆಯವರು ಕೊಡ ಹಿಡಿದು ಇಳಿಯುತ್ತಿದ್ದರು. ಹೊಸದಾಗಿ ಬಂದ ತರಕಾರಿ ಗಾಡಿಯವನು ಮೊದಲ ದಿನ ಅವರ ಚೌಕಾಶಿ ಕೇಳಿ ಗಾಡಿ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದಿದ್ದ. ಅವರ ಹೆಂಡತಿ ಕಾಕೂ ಮೇಲಿನಿಂದ ಬಗ್ಗಿ, "ಒಂಚೂರು ಮೆಲ್ಲಕ ಮಾತಾಡ್ರಿ, ಮಂದಿ ಜಗಳ ಅಂತ ತಿಳ್ಕೊಂತಾರ" ಎಂದರೆ, ಕಾಕಾ ಅದೇ ಎತ್ತರದ ದನಿಯಲ್ಲಿ, "ಇದ ಮೆಲ್ಲಕಲೇ!" ಎನ್ನುತ್ತಿದ್ದರು. ಬಾಯಲ್ಲಿ ಸದಾ ಜೇಷ್ಠಮಧುವಿನ ಒಂದು ಚೂರು ಇರುತ್ತಿತ್ತು. ಕಾರು ಇಟ್ಟುಕೊಂಡವರು ಕಾರನ್ನು ಒರೆಸಿದಂತೆ ಅವರು ಗಂಟಲನ್ನು ನೋಡಿಕೊಳ್ಳುತ್ತಿದ್ದರು.

ನಿಮ್ಮ ಮೇಲ್ವಿಚಾರಕರಿಗೆ ಕಾಕಾ ಸಿಕ್ಕಿದ್ದು ಇಲ್ಲಿನ ಕನ್ನಡಿಗರ ಸಂಘದ ರಾಜ್ಯೋತ್ಸವದಲ್ಲಿ. ಅಂದು ಮೈಕಿನ ವ್ಯವಸ್ಥೆ ಆ ಮೇಲ್ವಿಚಾರಕರದಾಗಿತ್ತು. ಹೊಟ್ಟೆಪಾಡಿಗೆ ನಿಮ್ಮ ಸ್ಟುಡಿಯೋದ ಕೆಲಸ, ಬಿಡುವಿನಲ್ಲಿ ಸಭೆ ಸಮಾರಂಭ. ಕಾಕಾ ರಾಕ್ಷಸನ ಪ್ರವೇಶವನ್ನು ಮಾಡಿ ತೋರಿಸುವವರಿದ್ದರು. ವೇದಿಕೆಗೆ ಬಂದವರೇ ಮೈಕಿನ ಕಂಬವನ್ನು ಬಲಗೈಯಿಂದ ಆಚೆ ಸರಿಸಿ, ಬರಿಗಂಟಲಿನಲ್ಲಿ ಒಂದು ಆರ್ಭಟ ಹೊಡೆದರು. ಸಭಾಂಗಣದ ಹೊರಗೆ ಬೀಡಿ ಸೇದುತ್ತಿದ್ದವರು ಒಳಗೆ ಬಂದು ನಿಂತರು. ಆರ್ಭಟಕ್ಕೂ ಮುಂಚೆ ಪಕ್ಕದಲ್ಲಿ ಸಾರಥಿಯ ಮಾತುಗಳನ್ನು ಹೇಳಲು ಅವರು ನಿಲ್ಲಿಸಿಕೊಂಡಿದ್ದು ನನ್ನನ್ನು.

ದೊಡ್ಡಾಟವನ್ನು ಕಾಣದವರಿಗಾಗಿ ಈ ಮಾತು ಬಿಡಿಸಿ ಹೇಳಬೇಕು. ಅಲ್ಲಿ ಯಾವ ಪಾತ್ರವೂ ತಾನಾಗಿ ಬಂದು ಮಾತು ಶುರುಮಾಡುವುದಿಲ್ಲ. ಸಾರಥಿ ಎಂಬೊಬ್ಬ ನಡುವೆ ನಿಂತು, ತಾವು ಯಾರು, ಯಾವ ದೇಶದವರು, ಈ ಸಭೆಗೆ ಬಂದ ಕಾರಣವೇನು ಎಂದು ಕೇಳಬೇಕು. ದೇವರಾಗಲಿ ರಾಕ್ಷಸನಾಗಲಿ ಅದಕ್ಕೆ ಉತ್ತರ ಕೊಟ್ಟ ಮೇಲೆಯೇ ಕಥೆಯೊಳಗೆ ಕಾಲಿಡಬೇಕು. ಕಾಕಾರ ಮಟ್ಟಿಗೆ ಇದು ಬರಿಯ ಪದ್ಧತಿಯಾಗಿರಲಿಲ್ಲ. ಕೇಳುವವರಿಲ್ಲದೆ ಅವರ ಬಾಯಿಂದ ರಾಕ್ಷಸ ಹೊರಡುತ್ತಲೇ ಇರಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಮೇಲ್ವಿಚಾರಕರು ತಂತಿ ಸುತ್ತುತ್ತಲೇ ಹತ್ತಿರ ಬಂದರು. "ಅಂಕಲ್, ಹಮಾರೇ ಗೇಮ್ ಮೇಂ ರಾಕ್ಷಸ್ ಬನೇಂಗೇ ಕ್ಯಾ?" ಎಂದು ಕೇಳಿದರು. ಕಾಕಾ ಮೀಸೆ ತಿರುವಿ, "ಬನ್ನಾ ಕ್ಯಾ ಹೈ ಬೇಟಾ, ಮೈಂ ಪೆಹಲೇ ಸೇಚ್ ರಾಕ್ಷಸ್ ಹೂಂ" ಎಂದರು. ನಮ್ಮ ಆಟದಲ್ಲಿ ರಾಕ್ಷಸನಾಗುತ್ತೀರಾ ಎಂದದ್ದಕ್ಕೆ, ಆಗುವುದೇನು, ನಾನು ಮೊದಲಿನಿಂದಲೇ ರಾಕ್ಷಸ ಎಂಬ ಉತ್ತರ. ಇಬ್ಬರೂ ನಕ್ಕರು. ನಾನೂ ನಕ್ಕೆ.

ಆ ಮೇಲ್ವಿಚಾರಕರ ಬಗ್ಗೆ ನನಗೆ ವೈಯಕ್ತಿಕ ದ್ವೇಷವಿಲ್ಲ. ಅವರು ಮೇಲಿನವರ ಮಾತನ್ನು ಕೆಳಗಿನವರಿಗೆ ದಾಟಿಸುವ ಕೆಲಸದಲ್ಲಿದ್ದರು. ಆದರೆ ದಾಟಿಸಿದ್ದು ಏನನ್ನು ಎಂಬುದು ದಾಖಲಾಗಬೇಕು.

ಉಪ್ಪಲ್‌ನ ಒಂದು ಗಾಜಿನ ಕಟ್ಟಡದ ನೆಲಮಾಳಿಗೆಯಲ್ಲಿ ನಿಮ್ಮ ಧ್ವನಿಮುದ್ರಣದ ಕೋಣೆಯಿತ್ತು. ನಾನು ಆಗ ಎಂ.ಎ. ಓದುತ್ತಿದ್ದೆ. ಸಾರಥಿ ಇಲ್ಲದೆ ಬರುವುದಿಲ್ಲವೆಂದು ಕಾಕಾ ಹಟ ಹಿಡಿದದ್ದರಿಂದ, ಸಹಾಯಕಿ ಎಂಬ ಗುರುತಿನ ಚೀಟಿ ಕೊಟ್ಟು ನನ್ನನ್ನು ಒಳಗೆ ಬಿಟ್ಟುಕೊಂಡಿರಿ. ಮೊದಲ ದಿನ ಮೇಲ್ವಿಚಾರಕರು ಪರದೆಯ ಮೇಲೆ ಶತ್ರುಗಳ ಚಿತ್ರಗಳನ್ನು ತೋರಿಸಿದರು. ಆಟದಲ್ಲಿ ಸಮುರಾಯ್‌ಗೆ ಎದುರಾಗುವ ರಾಕ್ಷಸ ಪಂಗಡಗಳು ಮೂರು. ಗದ್ದೆಯ ಕೆಸರಿನಿಂದ ಎದ್ದು ಬರುವ, ತುಕ್ಕು ಹಿಡಿದ ಕವಚದ ಸತ್ತ ಸೈನಿಕರು. ಹೊಟ್ಟೆಯಲ್ಲಿ ಬಾಯಿರುವ ಸನ್ಯಾಸಿಗಳು. ಸುಟ್ಟ ಕೋಟೆಯೊಳಗಿನ ಬೂದಿಯ ಕಾವಲುಗಾರರು. ಸ್ಟುಡಿಯೋದಲ್ಲಿ ಅವರಿಗೆ ಹೆಸರಿರಲಿಲ್ಲ; ಎ, ಬಿ, ಸಿ ಎಂದು ಕರೆಯುತ್ತಿದ್ದರು. ಹೊಡೆಯುವಾಗಿನ ಕೂಗು, ಹೊಡೆತ ತಿಂದಾಗಿನ ಕೂಗು, ಬೆಂಕಿಯಲ್ಲಿ ಸಾಯುವ ಕೂಗು, ಎತ್ತರದಿಂದ ಬಿದ್ದು ಸಾಯುವ ಕೂಗು, ಪ್ರತಿಯೊಂದೂ ಹಲವು ಬಗೆ.

ಕಾಕಾ ಚಿತ್ರಗಳನ್ನು ಬಹಳ ಹೊತ್ತು ನೋಡಿದರು. "ಎ, ಬಿ, ಸಿ ಅಂತ ಎಲ್ಲೆರೆ ರಾಕ್ಷಸರು ಇರ್ತಾರೇನ? ಇದೇನ್ ಸಾಲಿ ಐತೇನ್ರಿ?" ಎಂದರು. ಮತ್ತೆ ನನ್ನ ಕಡೆ ತಿರುಗಿ, "ಇವ್ರು ಯಾರ ಮ್ಯಾಲೆ ಸಿಟ್ಟಾಗ್ಯಾರ? ಅದನ್ನ ಕೇಳ್" ಎಂದರು.

ಕೇಳಿದೆ. ಮೇಲ್ವಿಚಾರಕರಿಗೆ ಅದು ಗೊತ್ತಿರಲಿಲ್ಲ. ದೂರದ ದೇಶದಿಂದ ಪರದೆಯಲ್ಲಿ ಹಾಜರಿದ್ದ ನಿಮ್ಮ ನಿರ್ದೇಶಕರಿಗೆ ಇಂಗ್ಲಿಷಿನಲ್ಲಿ ಕೇಳಿದೆ. ಅವರು ನಕ್ಕು, ಇವರು ಬರೀ ಶತ್ರುಗಳು, ಹಿನ್ನೆಲೆ ಬೇಡ ಎಂದರು. "ಅಂಕಲ್, ಬಸ್ ಚಿಲ್ಲಾನಾ ಹೈ, ಸೋಚೋ ನಕ್ಕೋ," ಎಂದು ಮೇಲ್ವಿಚಾರಕರು ಸಮಾಧಾನ ಹೇಳಿದರು. ಸುಮ್ಮನೆ ಕಿರುಚಿದರೆ ಸಾಕು, ಯೋಚನೆ ಬೇಡ.

ಕಾಕಾ ಯೋಚಿಸಿಯೇ ಯೋಚಿಸಿದರು. ಮರುದಿನ ಮೆಟ್ರೋ ನಿಲ್ದಾಣದ ಮೆಟ್ಟಿಲಿಳಿಯುತ್ತ ನನಗೆ ಮೂರೂ ಕುಲಗಳ ಚರಿತ್ರೆ ಹೇಳಿದರು. ಕೆಸರಿನವರು ಯಾರದೋ ಯುದ್ಧಕ್ಕೆ ಹೋಗಿ ಸತ್ತವರು, ಒಡೆಯ ಅವರಿಗೆ ಮಣ್ಣು ಕೊಡದೆ ಹೋದ. ಸನ್ಯಾಸಿಗಳ ಊರಿನ ಧಾನ್ಯವನ್ನೆಲ್ಲ ಕಂದಾಯಕ್ಕೆ ಹೊತ್ತೊಯ್ದಿದ್ದರು, ಪ್ರಾರ್ಥನೆ ಮಾಡಿ ಮಾಡಿ ಹೊಟ್ಟೆಗೇ ಬಾಯಿ ಬಂತು. ಬೂದಿಯವರು ಕೋಟೆಯ ಕಾವಲಿನವರು. ಒಡೆಯ ಓಡಿಹೋಗುವಾಗ ಹೊರಗಿನಿಂದ ಅಗಳಿ ಹಾಕಿಕೊಂಡು ಹೋದ, ಒಳಗೆ ಬೆಂಕಿ ಬಿತ್ತು. "ಮೂರೂ ಮಂದಿ ಒಡೆಯನ ಸಂಗಟ ಲೆಕ್ಕ ಚುಕ್ತಾ ಮಾಡಾಕ ಬಂದವ್ರು, ಯವ್ವಾ. ಆ ಕತ್ತಿ ಹಿಡ್ಕೊಂಡಾಂವ ನಡುವ ಬಂದು ಸುಮ್ನ ಕಡೀತಾನ. ಪಾಪ, ಅವ್ನಿಗೂ ಗೊತ್ತಿಲ್ಲ."

ಅಂದಿನಿಂದ ಪ್ರತಿ ದಿನವೂ ಮುದ್ರಣ ಶುರುವಾಗುವ ಮುನ್ನ ನಾನು ಗಾಜಿನ ಈಚೆ ನಿಂತು, ಮೈಕಿನ ಗುಂಡಿ ಒತ್ತಿ, ತಾವು ಯಾರು, ಯಾವ ಕುಲದವರು, ಬಂದ ಕಾರಣವೇನು ಎಂದು ಕೇಳುತ್ತಿದ್ದೆ. ಕಾಕಾ ಆಚೆಯಿಂದ ತಮ್ಮ ಸಹಜ ಧ್ವನಿಯಲ್ಲಿ, ಅಚ್ಚ ದೊಡ್ಡಾಟದ ಗತ್ತಿನಲ್ಲಿ, ಉತ್ತರ ಕೊಡುತ್ತಿದ್ದರು. ಮೇಲ್ವಿಚಾರಕರು ನಗುತ್ತಲೇ ಅದನ್ನೂ ಮುದ್ರಿಸಿಕೊಳ್ಳುತ್ತಿದ್ದರು. ಆಮೇಲೆ ಕೂಗು. ಕೆಸರಿನವರ ಕೂಗು ಹೂತ ಕಾಲನ್ನು ಕಿತ್ತಂತೆ ಬರುತ್ತಿತ್ತು. ಸನ್ಯಾಸಿಗಳದು ಉಸಿರನ್ನು ಒಳಕ್ಕೆ ಎಳೆದುಕೊಳ್ಳುವ ಕೂಗು. ಪರದೇಶದ ನಿರ್ದೇಶಕರು ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದ್ದನ್ನು ನಾನು ನೋಡಿದ್ದೇನೆ. ಕಾಕಾ ಗಾಜಿನಾಚೆಯಿಂದ ಕಿರೀಟ ಸರಿಪಡಿಸಿಕೊಳ್ಳುವವರ ಹಾಗೆ ತಲೆಯ ಮೇಲೆ ಕೈಯಾಡಿಸಿದರು. ಅಲ್ಲಿ ಕಿರೀಟವಿರಲಿಲ್ಲ...

ಇನ್ನು ತಪ್ಪಿನ ವಿಷಯ. ಅದು ಎಲ್ಲಿಂದ ಹುಟ್ಟಿತೆಂದು ಆಗ ಯಾರಿಗೂ ಹೊಳೆಯಲಿಲ್ಲ. ಹೊಳೆಯಬೇಕಾದದ್ದು ಧ್ವನಿಯನ್ನೇ ಕಸುಬಾಗಿಸಿಕೊಂಡ ನಿಮಗೆ.

ಬಯಲಿನಲ್ಲಿ ಆರ್ಭಟ ಹೊಡೆಯುವವನು ತನ್ನ ಧ್ವನಿಯನ್ನು ತನ್ನ ಕಿವಿಯಿಂದ ಅಳೆಯುವುದಿಲ್ಲ. ಕಟ್ಟೆಯ ಕಡೆಯಿಂದ, ಗೋಡೆಗಳಿಂದ, ಕುಳಿತ ಮಂದಿಯಿಂದ ಅದು ಮರಳಿ ಬರುವ ಬಗೆಯಿಂದ ಅಳೆಯುತ್ತಾನೆ. ಸಾಕಷ್ಟು ಮರಳಿದಾಗ ನಿಲ್ಲಿಸುತ್ತಾನೆ. ಇನ್ನೊಂದು ಸಂಗತಿಯೂ ಇದೆ. ರಾಕ್ಷಸ ಆರ್ಭಟದ ತುದಿ ಮುಟ್ಟಿದೊಡನೆ ಹಿಮ್ಮೇಳದವರು ಅದೇ ಸ್ವರವನ್ನು ಎತ್ತಿಕೊಂಡು ಹಾಡಿಗೆ ತಿರುಗಿಸುತ್ತಾರೆ. ಮದ್ದಳೆ, ತಾಳ ಕೂಡಿಕೊಳ್ಳುತ್ತವೆ. ಅಷ್ಟು ಹೊತ್ತು ರಾಕ್ಷಸ ಬರೀ ಕುಣಿಯುತ್ತಾನೆ, ಅವನ ಗಂಟಲು ವಿರಮಿಸುತ್ತದೆ. ಹೀಗೆ ಊರೂರಿನಲ್ಲಿ ಮುದುಕರಾಗುವವರೆಗೂ ರಾಕ್ಷಸರಾಗಿದ್ದವರಿದ್ದಾರೆ. ನಿಮ್ಮ ಕೋಣೆಯ ನಾಲ್ಕೂ ಗೋಡೆಗೆ ಸದ್ದು ನುಂಗುವ ಸ್ಪಂಜು ಹೊದಿಸಿತ್ತು. ಕಾಕಾ ಕೂಗಿದರೆ ಏನೂ ಮರಳುತ್ತಿರಲಿಲ್ಲ. ತಮ್ಮ ಕೂಗು ಸಾಲದೆಂದು ಅವರು ತಿಳಿದರು. ಮೈಕು ಎಷ್ಟು ಮೆಲ್ಲಗಿದ್ದರೂ ಹಿಡಿಯುತ್ತದೆ ಎಂದು ನಾನು ಹೇಳಿದೆ. ಕಿವಿಗೆ ಹೆಡ್‌ಫೋನು ಹಾಕಿಕೊಳ್ಳಿ ಎಂದು ಮೇಲ್ವಿಚಾರಕರೂ ಒಂದೆರಡು ಸಲ ಹೇಳಿದ್ದುಂಟು. "ನಂದ ಧ್ವನಿ ನನ್ನ ಕಿವ್ಯಾಗ ತುರುಕಿದ್ರ ನಾ ಅದನ್ನ ಕೇಳ್ಲೋ, ರಾಕ್ಷಸ ಆಗ್ಲೋ?" ಎಂದು ಕಾಕಾ ತೆಗೆದಿಟ್ಟರು. ಯಾರೂ ಒತ್ತಾಯಿಸಲಿಲ್ಲ. ಹಿಮ್ಮೇಳವಂತೂ ಇರಲೇ ಇಲ್ಲ. ಒಂದು ಕೂಗು ಮುಗಿದೊಡನೆ ಗಾಜಿನ ಈಚೆಯಿಂದ ಹೋಗುತ್ತಿದ್ದ ಉತ್ತರ ಒಂದೇ: ಇನ್ನೊಮ್ಮೆ.

ಬೂದಿಯವರ ಸರದಿ ಬರುವ ಹೊತ್ತಿಗೆ ಧ್ವನಿ ಒಡೆಯತೊಡಗಿತ್ತು. ಮೊದಲ ಕೂಗು ಅರ್ಧಕ್ಕೇ ಸೀಳಿ, ನಡುವೆ ಬರೀ ಗಾಳಿ ಬಂತು. ಕಾಕಾ ನಾಚಿಕೊಂಡು, ತಡೀರಿ ಎಂದು ಕೈ ಮಾಡಿ, ನೀರು ಕುಡಿದರು. ಆಗ ನಿಮ್ಮ ನಿರ್ದೇಶಕರು ಪರದೆಯಲ್ಲಿ ಮುಂದೆ ಬಾಗಿ ಆಡಿದ ಮಾತು ನನ್ನ ನೆನಪಿನಲ್ಲಿ ಅಕ್ಷರಶಃ ಉಳಿದಿದೆ. ಅದನ್ನು ಕನ್ನಡದಲ್ಲಿ ಕೊಡುತ್ತೇನೆ: ಇದೇ ನಮಗೆ ಬೇಕಾಗಿದ್ದದ್ದು, ಈ ಒಡಕನ್ನು ಹೋಗಗೊಡಬೇಡಿ.

ಅದನ್ನು ನಾನು ಕಾಕಾರಿಗೆ ದಾಟಿಸಲಿಲ್ಲ. ಇವತ್ತಿಗೆ ಸಾಕು, ಗಂಟಲು ಒಡೆದಿದೆ, ನಿಲ್ಲಿಸಿ ಎಂದು ಇಂಗ್ಲಿಷಿನಲ್ಲಿ ಹೇಳಿದೆ, ಹಿಂದಿಯಲ್ಲಿ ಹೇಳಿದೆ. ಮೇಲ್ವಿಚಾರಕರು ನನ್ನ ಮುಖ ನೋಡದೆ, "ಮೇಡಂ, ಅಂಕಲ್ ಖುದ್ ಬೋಲ್ ರಹೇ ನಾ, ಕರೂಂಗಾ ಬೋಲ್‌ಕೆ," ಎಂದರು. ಮಾಡುತ್ತೇನೆಂದು ಅಂಕಲ್ ತಾವೇ ಹೇಳುತ್ತಿದ್ದಾರಲ್ಲ ಎಂಬ ಆ ಮಾತಿಗೆ ಕಾಕಾ ಹೌದೆಂದು ತಲೆಯಾಡಿಸಿದರು. ಚಪ್ಪಾಳೆ ತಟ್ಟಿದವರ ಮುಂದೆ ಸೋತು ಇಳಿದುಹೋಗುವ ರಾಕ್ಷಸ ಅವರಾಗಿರಲಿಲ್ಲ. ನಾನು ಬಾಗಿಲು ತೆರೆದು ಒಳಗೇ ಹೋದೆ. ಅವರು ಗೊಗ್ಗರು ದನಿಯಲ್ಲಿ ನಗುತ್ತ ಹೇಳಿದರು: "ನೀ ಸಾರಥಿ ಅದೀ. ಕೇಳೂದಷ್ಟ ನಿನ್ನ ಕೆಲಸ. ಆಟ ನಿಲ್ಲಸೂದು ಸಾರಥಿ ಕೈಯಾಗ ಇರಂಗಿಲ್ಲ, ತಂಗಿ."

ಅದು ನಿಜವೇ ಆಗಿತ್ತು. ಗಾಜಿನ ಈಚೆ ಬಂದು ನಿಂತೆ...

ಕಾಕಾ ಹೋದ ಮೇಲೆ ನಾನು ಬರೆದ ಪತ್ರಕ್ಕೆ ನಿಮ್ಮ ವಕೀಲರು ಉತ್ತರಿಸಿ, ಅವರು ಒಪ್ಪಿದ್ದರು ಎಂದಿದ್ದಾರೆ. ಹೌದು, ಒಪ್ಪಿದ್ದರು. ಉತ್ಸಾಹದಿಂದಲೇ ಒಪ್ಪಿದ್ದರು. ಆದರೆ ಒಡೆದ ಗಂಟಲಿನಿಂದ ಕೂಗಿದರೆ ಏನಾಗುತ್ತದೆಂಬುದು ಆ ಕೋಣೆಯಲ್ಲಿ ಅವರಿಗೆ ಗೊತ್ತಿರಲಿಲ್ಲ, ನಿಮಗೆ ಗೊತ್ತಿತ್ತು. ಇಂಥ ಕೂಗುಗಳಿಗೆ ವಿರಾಮ ಕೊಡಬೇಕು, ಹೊತ್ತು ಮಿತಿಯಲ್ಲಿರಬೇಕು ಎಂಬ ತಿಳಿವಳಿಕೆ ನಿಮ್ಮ ಉದ್ಯಮದಲ್ಲಿ ಹೊಸದಲ್ಲ. ನಿಮ್ಮ ದೇಶದ ನಟರಿಗೆ ಸಲ್ಲುವ ಎಚ್ಚರಿಕೆ ಉಪ್ಪಲ್‌ನ ನೆಲಮಾಳಿಗೆಗೆ ಯಾಕೆ ಇಳಿಯಲಿಲ್ಲ? ಒಪ್ಪಿಗೆಯೆಂಬ ಪದವನ್ನು ಬಳಸುವ ಮುನ್ನ ಈ ಪ್ರಶ್ನೆಗೆ ಉತ್ತರಿಸಬೇಕಾದ ಹೊಣೆ ನಿಮ್ಮದು.

ಮುದ್ರಣ ಮುಗಿದ ವಾರದಲ್ಲೇ ಕಾಕಾ ಕೆಮ್ಮಿದಾಗ ರಕ್ತ ಬಂತು. ಗಂಟಲಿನ ತಜ್ಞರು, ಧ್ವನಿಯ ಪೊರೆಗಳಲ್ಲಿ ಮೇಲಿಂದ ಮೇಲೆ ರಕ್ತ ಒಸರಿ ಗಾಯ ಗಟ್ಟಿಯಾಗಿದೆ ಎಂದರು. ಶಸ್ತ್ರಚಿಕಿತ್ಸೆಯೂ ಆಯಿತು. ಉಳಿದದ್ದು ಪಿಸುಮಾತು, ಅದೂ ಹತ್ತಿರ ಕುಳಿತವರಿಗೆ ಮಾತ್ರ. ಟ್ಯಾಂಕರ್ ಬಂದರೆ ಈಗ ಅವರು ಸ್ಟೀಲಿನ ಲೋಟದಿಂದ ಮಾಳಿಗೆಯ ಕಂಬಿಯನ್ನು ಬಡಿಯುತ್ತಿದ್ದರು. ನೆರೆಯವರು ಇಳಿಯುತ್ತಿದ್ದರು, ಮೇಲೆ ನೋಡುತ್ತಿರಲಿಲ್ಲ. ಕಾಕೂ ಒಮ್ಮೆ ನಮ್ಮ ಮನೆಗೆ ಬಂದು, ಮೆಲ್ಲಕ ಮೆಲ್ಲಕ ಅಂತ ಜನ್ಮ ಪೂರ್ತಿ ನಾನ ಅಂದೆನಲ್ಲ ಎಂದು ಅತ್ತರು. ಅವ್ವ ಅವರ ಕೈ ಹಿಡಿದು ಕೂತಳು. ಆ ಮಾತಿಗೂ ಈ ಗಾಯಕ್ಕೂ ಸಂಬಂಧವಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಆಟ ಬಿಡುಗಡೆಯಾದ ಮೇಲೆ ನನ್ನ ಸಹಪಾಠಿಯೊಬ್ಬಳ ಲ್ಯಾಪ್‌ಟಾಪಿನಲ್ಲಿ ಅದನ್ನು ಹಾಕಿ ಕಾಕಾರಿಗೆ ತೋರಿಸಿದೆ. ಸಂಜೆ ಚಹಾದ ಹೊತ್ತು. ಬೂದಿಯ ಕಾವಲುಗಾರ ಕೋಟೆಯ ಬಾಗಿಲಲ್ಲಿ ಎದ್ದು ನಿಂತು ಕೂಗಿದಾಗ ಕಾಕಾರ ಗಂಟಲಿನ ನರಗಳು ಸೆಟೆದವು. ಬಾಯಿ ತೆರೆಯಿತು, ಧ್ವನಿ ಪರದೆಯಿಂದ ಬಂತು. ಸಮುರಾಯ್ ಅವನನ್ನು ಕಡಿದ. ಇನ್ನೊಬ್ಬ ಬಂದ, ಅದೇ ಧ್ವನಿ. ಅವನನ್ನೂ ಕಡಿದ. ಕಾಕಾ ನನ್ನ ಕಿವಿಯ ಹತ್ತಿರ ಬಾಗಿ, "ನೋಡ್ ಯವ್ವಾ, ಜಗತ್ತಿನ ಮಂದಿ ಎಲ್ಲಾ ದಿನಾ ನನ್ನ ಕೊಲ್ಲಾಕತ್ತಾರ. ಇಷ್ಟು ಮಂದಿ ಬೇಕಾತು!" ಎಂದು ಪಿಸುಗುಟ್ಟಿದರು. ಹೆಮ್ಮೆಯಿತ್ತು ಆ ಮಾತಿನಲ್ಲಿ. ಆಟಕ್ಕೆ ಕೆಲಸ ಮಾಡಿದವರ ಪಟ್ಟಿ ತೆರೆದೆ, ಹೆಸರುಗಳು ಮೇಲಕ್ಕೆ ಸರಿಯತೊಡಗಿದವು. ಊಟ ಒದಗಿಸಿದವರ ಹೆಸರೂ ಇತ್ತು. ಕಾಕಾರಿಗೆ ಇಂಗ್ಲಿಷ್ ಅಕ್ಷರಗಳು ಬರುತ್ತಿದ್ದವು. ಕಾರ್ಖಾನೆಯ ಯಂತ್ರಗಳ ಮೇಲೆ ಓದಿ ಕಲಿತಿದ್ದರು. ಕೊನೆಯ ಸಾಲಿನವರೆಗೂ ಬೆರಳಿಟ್ಟು ನೋಡಿದರು. ಆಮೇಲೆ ಲ್ಯಾಪ್‌ಟಾಪನ್ನು ತಾವೇ ಮುಚ್ಚಿ, ಚಹಾ ಆರುತ್ತಿದೆ ಎಂದು ಸನ್ನೆ ಮಾಡಿದರು.

ನಾನು ನಿಮ್ಮ ಸ್ಟುಡಿಯೋಗೆ ಹೋದೆ. ಕೇಳಿದ್ದು ಮೂರು: ಹೆಸರು ಹಾಕಿ, ಚಿಕಿತ್ಸೆಯ ಹೊಣೆ ಹೊರಿ, ಮುದ್ರಣದ ಮುನ್ನ ಸಾರಥಿಗೆ ಉತ್ತರ ಕೊಡುತ್ತ ಅವರು ಸಹಜ ಧ್ವನಿಯಲ್ಲಿ ಮಾತಾಡಿದ ಭಾಗಗಳನ್ನು ಅವರಿಗೂ ಅವರ ಹೆಂಡತಿಗೂ ಕೊಡಿ. ಊರಿನ ಆಟಗಳನ್ನು ಯಾರೋ ಫೋನಿನಲ್ಲಿ ಹಿಡಿದದ್ದಿದೆ. ಅದರಲ್ಲಿ ಕೇಳುವುದು ಮದ್ದಳೆ ಮತ್ತು ಗದ್ದಲ. ಅವರು ಮನುಷ್ಯರಂತೆ ಮಾತಾಡಿದ ಸ್ಪಷ್ಟವಾದ ಧ್ವನಿ ಇರುವುದು ನಿಮ್ಮ ಬಳಿ ಮಾತ್ರ. ಸ್ವಾಗತದ ಮೇಜಿನಲ್ಲಿದ್ದವರು ಚಹಾ ಕೊಟ್ಟು ಕೂರಿಸಿದರು. ಮುದ್ರಣಗಳೆಲ್ಲ ಪರದೇಶದ ಕಂಪನಿಯ ಸ್ವತ್ತು ಎಂದರು. ಆ ಕಂಪನಿಗೆ ಬರೆದೆ. ಸ್ಥಳೀಯ ಗುತ್ತಿಗೆದಾರರನ್ನು ಕೇಳಿ ಎಂಬ ಉತ್ತರ ಬಂತು. ಮತ್ತೆ ಹೋದಾಗ ನೆಲಮಾಳಿಗೆಯಲ್ಲಿ ಜಿಮ್ ತೆರೆದಿತ್ತು, ಸ್ಟುಡಿಯೋ ಬೇರೆ ಹೆಸರಿನಲ್ಲಿ ಬೇರೆಲ್ಲಿಗೋ ಹೋಗಿತ್ತು. ಮೇಲ್ವಿಚಾರಕರು ಫೋನ್ ಎತ್ತಿ, ತಾನೂ ಈಗ ಅಲ್ಲಿಲ್ಲ ಮೇಡಂ, ಅಂಕಲ್‌ಗೆ ನಮಸ್ಕಾರ ಹೇಳಿ ಎಂದರು. ನಾನು ಓದಿದ್ದು ಭಾಷೆಯನ್ನು. ವಾದ ಕಟ್ಟುವುದನ್ನು ವಿಶ್ವವಿದ್ಯಾಲಯ ನನಗೆ ಚೆನ್ನಾಗಿಯೇ ಕಲಿಸಿತ್ತು. ಎದುರಿಗೆ ಕೇಳುವವರೇ ಇಲ್ಲದಿದ್ದಾಗ ಅದನ್ನು ಎಲ್ಲಿ ಇಡಬೇಕೆಂದು ಕಲಿಸಿರಲಿಲ್ಲ.

ಕಾಕಾ ಹೃದಯಾಘಾತದಿಂದ ತೀರಿಕೊಂಡರು. ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ. ನಿಮ್ಮ ಮೇಲಿನ ಆರೋಪಕ್ಕೆ ಸುಳ್ಳಿನ ಆಸರೆ ಬೇಕಿಲ್ಲ. ಕೊನೆಯ ದಿನಗಳಲ್ಲಿ ಅವರು ಏನೋ ಹೇಳಲು ಯತ್ನಿಸಿದ್ದರೆಂದು ಕಾಕೂ ಹೇಳುತ್ತಾರೆ. ಪಿಸುಮಾತೂ ಬಿದ್ದುಹೋಗಿತ್ತು. ಏನೆಂದು ತಿಳಿಯಲಿಲ್ಲ...

ಈಗ ದಿಲ್‌ಸುಖ್‌ನಗರದ ಆ ಅಂಗಡಿಗೆ ಬರುತ್ತೇನೆ. ಅವ್ವ ಕೇಳಿದ್ದಕ್ಕೆ ನಾನು ಉತ್ತರಿಸದೆ ಹೋದದ್ದಕ್ಕೆ ಕಾರಣವಿತ್ತು. ಪರದೆಯ ಮೇಲಿದ್ದ ರಾಕ್ಷಸರು ಕೆಸರಿನವರಲ್ಲ, ಸನ್ಯಾಸಿಗಳಲ್ಲ, ಬೂದಿಯವರೂ ಅಲ್ಲ. ಹಿಮದಲ್ಲಿ ನಡೆದುಬರುವ, ಬಿಳಿ ಮುಖವಾಡದ ಹೊಸ ಪಂಗಡ. ಕೂಗುವುದಷ್ಟೇ ಅಲ್ಲ, ಅವರು ಮಾತಾಡುತ್ತಿದ್ದರು. ಯಾವ ಭಾಷೆಗೂ ಸೇರದ, ಉದ್ದುದ್ದ ವಾಕ್ಯಗಳು. ಧ್ವನಿ ಕಾಕಾರದೇ. ಆಡುತ್ತಿದ್ದ ತರುಣನನ್ನು ಕೇಳಿದೆ. ಇದು ಆಟಕ್ಕೆ ಹೊಸದಾಗಿ ಸೇರಿಸಿದ ಭಾಗ, ಮೊನ್ನೆಯಷ್ಟೇ ಬಂತು, ನಾಲ್ಕನೆಯ ಫ್ಯಾಕ್ಷನ್ ಅಕ್ಕಾ, ಸೂಪರ್ ಇದೆ ಎಂದ.

ಹಳೆಯ ಮುದ್ರಣದಲ್ಲಿ ಉಳಿದದ್ದನ್ನು ಬಳಸಿದ್ದೇವೆ ಎಂದು ನೀವು ಹೇಳಬಹುದು. ಹೇಳುವ ಮುನ್ನ ಒಂದು ಮಾತು ಕೇಳಿ. ಆ ಕೋಣೆಯಲ್ಲಿ ನನ್ನ ಪ್ರಶ್ನೆಗೆ ಉತ್ತರ ಕೊಡದೆ ಯಾವ ರಾಕ್ಷಸನೂ ಕಾಕಾರ ಗಂಟಲಿನಿಂದ ಹೊರಗೆ ಬಂದಿಲ್ಲ. ಬಂದವರೆಲ್ಲರನ್ನೂ ನಾನು ಕೇಳಿದ್ದೇನೆ. ಹಿಮದ ಕುಲವನ್ನು ನಾನು ಕೇಳಿಲ್ಲ. ಅಂಥ ಪಂಗಡವನ್ನು ನೀವು ಕಾಕಾರಿಗೆ ತೋರಿಸಲೂ ಇಲ್ಲ. ಅವರು ಬದುಕಿದ್ದಾಗ ಅದು ಇರಲಿಲ್ಲ. ಅವರ ಮುದ್ರಣಗಳನ್ನು ಯಂತ್ರಕ್ಕೆ ಉಣಿಸಿ, ಯಂತ್ರದಿಂದ ಅವರನ್ನು ಮಾತಾಡಿಸಿದ್ದೀರಿ ಎಂಬುದರ ಹೊರತು ನನಗೆ ಬೇರೆ ವಿವರಣೆ ಕಾಣುತ್ತಿಲ್ಲ. ಬೇರೆ ಇದ್ದರೆ ನೀವೇ ಕೊಡಿ.

ಕಾಕೂಗೆ ಹೇಳಬಾರದೆಂದು ಅವ್ವನೂ ನಾನೂ ಮಾತಾಡಿಕೊಂಡಿದ್ದೆವು. ಅದು ನಮ್ಮ ಕೈಯಲ್ಲಿರಲಿಲ್ಲ. ಕೆಳಗಿನ ಮನೆಯವರ ಫೋನಿನಲ್ಲಿ ಆ ಆಟದ ಜಾಹೀರಾತು ಬಂದಾಗ ಕಾಕೂ ಹುಣಸೆಹಣ್ಣು ಬಿಡಿಸುತ್ತ ಅಲ್ಲೇ ಕುಳಿತಿದ್ದರಂತೆ. ಮರುದಿನ ಬೆಳಿಗ್ಗೆ ನಮ್ಮ ಮನೆಗೆ ಬಂದರು. ಅಳಲಿಲ್ಲ. ಆ ಜಾಹೀರಾತನ್ನು ಹಾಕು ಎಂದರು. ಹಾಕಿದೆ. ಮತ್ತೆ ಹಾಕು ಎಂದರು. ಫೋನನ್ನು ಕಿವಿಗೆ ಒತ್ತಿ ಹಿಡಿದು ಕೇಳಿದರು.

"ಏನಂತಾರ ತಂಗಿ, ಅವ್ರು ಇದ್ರಾಗ? ನೀ ಓದಿದಾಕಿ ಅದೀ, ಅರ್ಥ ಮಾಡಿ ಹೇಳ್ ನೋಡೂಣು."

ಅರ್ಥವಿಲ್ಲ ಕಾಕೂ, ಅದು ಬರೀ ಸದ್ದು ಎಂದೆ.

"ಹಂಗ ಹ್ಯಾಂಗ ಇರ್ತೈತಿ? ಇಷ್ಟು ಮಾತಾಡಾಕತ್ತಾರ. ನನಗ ಏನರೆ ಹೇಳಾಕ ಹತ್ಯಾರೇನೋ... ಇನ್ನೊಮ್ಮಿ ಹಚ್ಚು."

ಹಚ್ಚಿದೆ. ಆ ಬೆಳಿಗ್ಗೆ ಎಷ್ಟು ಸಲ ಹಚ್ಚಿದೆನೋ ತಿಳಿಯದು. ಈಗ ಅವರು ದಿನವೂ ಬರುತ್ತಾರೆ. ಯಂತ್ರವೊಂದು ಹೆಣೆದ ಅರ್ಥವಿಲ್ಲದ ಸದ್ದಿನಲ್ಲಿ ಗಂಡನ ಕೊನೆಯ ಮಾತನ್ನು ಹುಡುಕುತ್ತ ಕೂರುತ್ತಾರೆ. ಅವರಿಗೆ ಸುಳ್ಳು ಅರ್ಥ ಹೇಳುವ ಧೈರ್ಯ ನನಗಿಲ್ಲ. ಕಾಕಾ ಹೋದರೆಂಬುದನ್ನು ನಾವು ಒಪ್ಪಿಕೊಂಡಾಗಿತ್ತು. ಅವರನ್ನು ಹೋಗಗೊಡದಿರುವವರು ನೀವು.

ಆದುದರಿಂದ ಕಂಪನಿಯವರಲ್ಲಿಯೂ ಸ್ಟುಡಿಯೋದವರಲ್ಲಿಯೂ, ನಾನು ಈ ಮೂಲಕ ವಿಧ್ಯುಕ್ತವಾಗಿ ಕೋರುತ್ತೇನೆ. ನಾಲ್ಕನೆಯ ಪಂಗಡದ ಧ್ವನಿಯನ್ನು ಹೇಗೆ ತಯಾರಿಸಿದಿರಿ, ಯಾರ ಅನುಮತಿಯಿಂದ ತಯಾರಿಸಿದಿರಿ ಎಂಬುದನ್ನು ಬರಹದಲ್ಲಿ ತಿಳಿಸಬೇಕು. ಅದಕ್ಕೆ ಉತ್ತರ ಕೊಡುವವರೆಗೂ ಆ ಧ್ವನಿಯನ್ನು ಆಟದಿಂದಲೂ ಜಾಹೀರಾತಿನಿಂದಲೂ ತೆಗೆಯಬೇಕು. ಒಡೆದ ಗಂಟಲಿನಿಂದ ಮುದ್ರಣ ಮುಂದುವರಿಸುವ ತೀರ್ಮಾನ ಯಾರದೆಂದು ಹೇಳಬೇಕು. ಇನ್ನು ಮುಂದೆ ಈ ನಗರದಲ್ಲಿ ನಿಮಗಾಗಿ ಕೂಗುವ ಯಾರಿಗೂ ಹಾಗಾಗದಂತೆ ನಿಯಮ ಮಾಡಬೇಕು. ಈ ಕೋರಿಕೆಯ ಪ್ರತಿಯನ್ನು ರಾಜ್ಯದ ಕಾರ್ಮಿಕ ಇಲಾಖೆಗೂ ಕಳುಹಿಸುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು ಮತ್ತು ನಿಮಗೆ ಅತ್ಯಂತ ಸುಲಭವಾದದ್ದು ಒಂದಿದೆ. ಕಾಕಾ ತಮ್ಮ ಸ್ವಂತ ಧ್ವನಿಯಲ್ಲಿ, ತಿಳಿಯುವ ಕನ್ನಡದಲ್ಲಿ ಮಾತಾಡಿದ ಮುದ್ರಣಗಳನ್ನು ಅವರ ಹೆಂಡತಿಗೆ ತಲುಪಿಸಿ. ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವುಗಳಿಗೆ ನಾನು ಕಾಯಬಲ್ಲೆ. ಅವರಿಗೆ ವಯಸ್ಸಾಗಿದೆ, ಕಿವಿ ಮಂದವಾಗುತ್ತಿದೆ. ದಯವಿಟ್ಟು ಬೇಗ ಉತ್ತರಿಸಿ.